ಹಳೆಯ ಡೇರೆಗೊಂದು ಅಂಗಳ

ಡೇರೆ ಹೂವಿನ ತವರು ಮೆಕ್ಸಿಕೊ. 1789ರಲ್ಲಿ ಅಲ್ಲಿಂದ ಮ್ಯಾಡ್ರಿಡ್‌ನ ರಾಜೋದ್ಯಾನಕ್ಕೆ ಬಂದ ಗಿಡಕ್ಕೆ 1791ರಲ್ಲಿ ಸಸ್ಯವಿಜ್ಞಾನಿ ಕವನಿಲೆಸ್, ಸ್ವೀಡನ್ನಿನ ಆಂಡರ್ಸ್ ಡಾಲ್ ಅವರ ನೆನಪಿನಲ್ಲಿ ಡೇಲಿಯಾ ಎಂದು ಹೆಸರಿಟ್ಟರು. ಕನ್ನಡದ ನಾಲಿಗೆ ಅದನ್ನು ಡೇರೆ ಮಾಡಿಕೊಂಡಿತು. ಮಲೆನಾಡಿನ ಮನೆಯಂಗಳಗಳಲ್ಲಿ ಅದು ಮಳೆಗಾಲದ ಹೂವು. ಇಂದು ತಳಿಗಳು ಸಾವಿರಾರಿದ್ದರೂ ಅಂಗಡಿಗೆ ಬರುವುದು ಆ ವರ್ಷ ಓಡುವ ಕೆಲವೇ ಬಣ್ಣಗಳು. ಬೇಡಿಕೆ ತಪ್ಪಿದ ತಳಿ ಯಾವುದೋ ಒಂದೆರಡು ಮನೆಗಳಲ್ಲಿ ಉಳಿದು, ಅಲ್ಲಿ ಗೆಡ್ಡೆ ಕೊಳೆತ ವರ್ಷವೇ ಇಲ್ಲವಾಗುತ್ತದೆ.

ಬೀಜದಿಂದ ಅದನ್ನು ಮರಳಿ ಪಡೆಯುವಂತಿಲ್ಲ. ಹೆಚ್ಚಿನ ಗಿಡಗಳಲ್ಲಿ ವರ್ಣತಂತುಗಳ ಎರಡು ಗಣಗಳಿದ್ದರೆ ತೋಟದ ಡೇರೆಯಲ್ಲಿ ಎಂಟು. ಹಾಗಾಗಿ ಒಂದೇ ಹೂವಿನ ಬೀಜಗಳಿಂದ ಹತ್ತು ಬಗೆಯ ಮಕ್ಕಳು ಹುಟ್ಟುತ್ತವೆ, ತಾಯಿಯಂಥದ್ದು ಮಾತ್ರ ಹುಟ್ಟುವುದಿಲ್ಲ. 1924ರಲ್ಲಿ ವೇಲ್ಸ್‌ನ ಕಾರ್ಡಿಫ್‌ನಲ್ಲಿ ಬೆಳೆಸಿದ, ಕಪ್ಪು ಛಾಯೆಯ ಎಲೆಯ ಕೆಂಪು ಡೇರೆ 'ಬಿಷಪ್ ಆಫ್ ಲ್ಯಾಂಡಾಫ್' ಇಂದಿಗೂ ಉಳಿದಿದೆ. ಅದರ ಪ್ರತಿ ಗಿಡವೂ ಆ ಮೊದಲ ಗಿಡದ ಒಂದು ತುಂಡೇ.

ಇಂಥ ಹಳೆಯ ತಳಿಗಳನ್ನು ಉಳಿಸಲು ಸಂಗ್ರಹ ಕಟ್ಟುವವರು ಮೊದಲು ಎಲ್ಲೆ ಹಾಕಿಕೊಳ್ಳಬೇಕು. ಕಂಡ ಡೇರೆಯನ್ನೆಲ್ಲ ತರುವುದು ಹುಚ್ಚು ಹವ್ಯಾಸ, ಸಂರಕ್ಷಣೆಯಲ್ಲ. ಒಂದು ತಾಲ್ಲೂಕಿನ ಹಳೆಯ ಮನೆಗಳ ಡೇರೆ, ಅಥವಾ ಚೆಂಡಿನಾಕಾರದವು ಮಾತ್ರ: ಅಷ್ಟೇ ಸಾಕು. ಬ್ರಿಟನ್‌ನಲ್ಲಿ 1978ರಲ್ಲಿ ಆರಂಭವಾದ, ಈಗ ಪ್ಲಾಂಟ್ ಹೆರಿಟೇಜ್ ಎನ್ನಿಸಿಕೊಂಡಿರುವ ಸಂಸ್ಥೆ ಮಾನ್ಯ ಮಾಡುವ ರಾಷ್ಟ್ರೀಯ ಸಂಗ್ರಹಗಳಲ್ಲಿ ಅನೇಕವು ಸಾಮಾನ್ಯರ ಹಿತ್ತಲಿನಲ್ಲೇ ಇವೆ. ಅಲ್ಲಿ ಜಾಗದ ವಿಸ್ತಾರಕ್ಕಿಂತ ದಾಖಲೆಯ ಶಿಸ್ತು ಮುಖ್ಯ.

ಮಲೆನಾಡಿನಲ್ಲಿ ಗೆಡ್ಡೆ, ಹಿಳ್ಳುಗಳ ಕೊಡುಕೊಳ್ಳುವಿಕೆಗೆ ಬರವಿಲ್ಲ, ಇಲ್ಲದ್ದು ಚೀಟಿ. ಯಾರ ಮನೆಯಿಂದ ಬಂತು, ಯಾವಾಗ, ಅಲ್ಲಿ ಏನೆಂದು ಕರೆಯುತ್ತಿದ್ದರು ಎಂಬುದನ್ನು ಗಿಡ ಕೈಗೆ ಬಂದ ದಿನವೇ ಬರೆದು, ಒಂದು ಸಂಖ್ಯೆ ಕೊಡಬೇಕು. ಅದೇ ಸಂಖ್ಯೆ ಗಿಡದ ಬುಡದ ಫಲಕದಲ್ಲೂ ಪುಸ್ತಕದಲ್ಲೂ ಇರಬೇಕು. ಹೂವಿನ ಪಕ್ಕ ಅಳತೆಪಟ್ಟಿ ಇಟ್ಟು ತೆಗೆದ ಚಿತ್ರವೂ ಬೇಕು. ಹೆಸರು ಸಿಗದಿದ್ದರೆ ಸಂಖ್ಯೆಯೇ ಸಾಕು, ಊಹೆಯ ಹೆಸರು ಅಂಟಿಸಬಾರದು. ಡೇರೆ ಹೆಸರುಗಳ ಅಂತರರಾಷ್ಟ್ರೀಯ ನೋಂದಣಿಯನ್ನು ಲಂಡನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ನಡೆಸುತ್ತದೆ. ಹೆಸರಿನ ಪರೀಕ್ಷೆಗೆ ಅದು ಆಧಾರ.

ಹೊಸದಾಗಿ ಬಂದ ಗೆಡ್ಡೆಯನ್ನು ಒಂದು ಹಂಗಾಮು ಬೇರೆಯೇ ನೆಡುವುದು ಒಳ್ಳೆಯದು. ಎಲೆಯ ನರಗುಂಟ ಹಳದಿ ಗೆರೆ ಮೂಡಿ ಗಿಡ ಕುಳ್ಳಾದರೆ ಅದು ನಂಜುರೋಗ. ಗಿಡಹೇನು ಅದನ್ನು ಹರಡುತ್ತದೆ, ಮದ್ದಿಲ್ಲ. ಎಷ್ಟೇ ಅಪರೂಪದ್ದಾದರೂ ಅಂಥ ಗಿಡವನ್ನು ಕಿತ್ತು ಸುಡಬೇಕು.

ಎಲೆ ಒಣಗಿದ ಮೇಲೆ ಗೆಡ್ಡೆ ಅಗೆಯುವುದು. ಡೇರೆಯ ಕಾಂಡ ಟೊಳ್ಳು, ಅದರೊಳಗೆ ನಿಂತ ನೀರು ಬುಡವನ್ನೇ ಕೊಳೆಸುತ್ತದೆ. ಆದ್ದರಿಂದ ತಲೆಕೆಳಗಾಗಿಟ್ಟು ನೀರು ಬಸಿದು, ನೆರಳಲ್ಲಿ ಆರಿಸಿ, ಒಣ ಮರಳಿನಲ್ಲಿ ಹೂತಿಡಬೇಕು. ಆಗಾಗ ತೆಗೆದು ನೋಡಿ ಕೊಳೆತದ್ದನ್ನು ಬೇರ್ಪಡಿಸಬೇಕು. ಪಾಲು ಮಾಡುವಾಗ ಒಂದು ಎಚ್ಚರ: ಆಲೂಗೆಡ್ಡೆಯಂತೆ ಡೇರೆಯ ಮೈತುಂಬ ಕಣ್ಣುಗಳಿಲ್ಲ. ಚಿಗುರು ಬರುವುದು ಕಾಂಡ ಸೇರುವ ಬುಡದಲ್ಲಿ ಮಾತ್ರ. ಆ ಭಾಗ ಅಂಟಿಕೊಂಡಿರದ ಗೆಡ್ಡೆ ಎಷ್ಟೇ ದಪ್ಪವಿದ್ದರೂ ಮೊಳೆಯದು. ಎಳೆ ಚಿಗುರನ್ನು ಚಿವುಟಿ ನೆಟ್ಟರೂ ಬೇರು ಬಿಡುತ್ತದೆ. ಒಂದೇ ಗೆಡ್ಡೆ ಇರುವ ತಳಿಯನ್ನು ಹೆಚ್ಚಿಸಲು ಇದೇ ಚುರುಕಾದ ದಾರಿ.

ಪ್ರತಿ ತಳಿಯ ಮೂರು ಗಿಡವಾದರೂ ಇರಲಿ, ಒಂದು ಬೇರೆ ಊರಿನ ಅಂಗಳದಲ್ಲಿರಲಿ. ಗೆಡ್ಡೆ ಕೊಡುವಾಗ ಚೀಟಿಯನ್ನೂ ಜೊತೆಗೆ ಕಟ್ಟಿ ಕೊಡಿ.