ಸಣ್ಣ ಎಂಜಿನ್ನುಗಳಲ್ಲಿ ಎಣ್ಣೆ ಬದಲಾವಣೆಯ ಕಾಲನಿರ್ಣಯ

ಉಡುಪಿ ಜಿಲ್ಲೆಯಲ್ಲಿ ಎಂಜಿನ್ನಿನ ಸದ್ದು ಕೇಳದ ಹಿತ್ತಿಲು ಈಗ ವಿರಳ. ಕಾರ್ಕಳದ ಅಡಕೆ ತೋಟಗಳಲ್ಲಿ ಹುಲ್ಲು ಕತ್ತರಿಸುವ ಬ್ರಷ್ ಕಟ್ಟರು, ಉಡುಪಿಯ ಬಯಲುಗದ್ದೆಗಳಲ್ಲಿ ಪವರ್ ಟಿಲ್ಲರು, ಮಣಿಪಾಲದ ಮನೆಗಳಲ್ಲಿ ವಿದ್ಯುತ್ತು ಕೈಕೊಟ್ಟಾಗ ನಡೆಸುವ ಪೆಟ್ರೋಲ್ ಜನರೇಟರು, ಕಾಪುವಿನ ಕಡಲತೀರದಲ್ಲಿ ದೋಣಿಯ ಎಂಜಿನ್ನು, ಇವೆಲ್ಲ ದಿನಬಳಕೆಯ ವಸ್ತುಗಳಾಗಿವೆ. ಇವುಗಳ ಬೆಲೆಯನ್ನು ವಿಚಾರಿಸಿ ಕೊಳ್ಳುವವರು ಬಹುಮಂದಿ. ಇವುಗಳ ಎಣ್ಣೆಯನ್ನು ಯಾವಾಗ ಬದಲಾಯಿಸಬೇಕೆಂದು ವಿಚಾರಿಸುವವರು ಕೆಲವೇ ಮಂದಿ. ಎಣ್ಣೆ ಕಪ್ಪಾದಾಗ ಎಂದು ಒಬ್ಬರು ಹೇಳಿದರೆ, ವರ್ಷಕ್ಕೊಮ್ಮೆ ಆಯುಧಪೂಜೆಯ ಹೊತ್ತಿಗೆ ಎಂದು ಇನ್ನೊಬ್ಬರು ಹೇಳುತ್ತಾರೆ. ಈ ಎರಡು ಉತ್ತರಗಳೂ ಏಕೆ ಸಾಲವು, ಸರಿಯಾದ ಗಣನೆ ಯಾವುದು ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

1. ಎರಡು ಜಾತಿಯ ಎಂಜಿನ್ನುಗಳು

ಮೊದಲು ಒಂದು ಭೇದವನ್ನು ತಿಳಿಯುವುದು ಅವಶ್ಯ. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಎಣ್ಣೆಗೆ ಪ್ರತ್ಯೇಕ ತೊಟ್ಟಿಯಿರುವುದಿಲ್ಲ. ಇಂಧನದಲ್ಲಿಯೇ ಎಣ್ಣೆಯನ್ನು, ತಯಾರಕರು ಹೇಳಿದಂತೆ 25 ಅಥವಾ 50 ಪಾಲಿಗೆ 1 ಪಾಲಿನ ಪ್ರಮಾಣದಲ್ಲಿ, ಬೆರೆಸುತ್ತಾರೆ. ಆ ಎಣ್ಣೆ ಒಳಭಾಗಗಳನ್ನು ನೆನೆಸಿ ಇಂಧನದೊಡನೆ ಉರಿದುಹೋಗುತ್ತದೆ. ಹಳೆಯ ಬ್ರಷ್ ಕಟ್ಟರುಗಳೂ ನಾಡದೋಣಿಗಳ ಸೀಮೆಎಣ್ಣೆಯ ಎಂಜಿನ್ನುಗಳೂ ಬಹುತೇಕ ಈ ಜಾತಿಯವು. ಇವುಗಳಲ್ಲಿ ಎಣ್ಣೆ ಬದಲಾಯಿಸುವ ಪ್ರಶ್ನೆಯೇ ಏಳದು. ಬೆರಕೆಯ ಪ್ರಮಾಣ ತಪ್ಪದಿದ್ದರೆ ಸಾಕು. ದೋಣಿಯ ಎಂಜಿನ್ನಿನ ಕೆಳಭಾಗದಲ್ಲಿರುವ ಗೇರಿನ ಎಣ್ಣೆ ಮಾತ್ರ ಇದಕ್ಕೆ ಹೊರತು. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ನೀರು ನುಗ್ಗಿದೆಯೆಂದು ತಿಳಿದು, ಸೋರುವ ಸೀಲನ್ನು ಸರಿಪಡಿಸಿ, ಒಡನೆಯೇ ಎಣ್ಣೆಯನ್ನು ಬದಲಾಯಿಸತಕ್ಕದ್ದು.

ನಾಲ್ಕು ಸ್ಟ್ರೋಕಿನ ಎಂಜಿನ್ನಿನ ಕ್ರಮ ಬೇರೆ. ಅದರ ತಳದ ತೊಟ್ಟಿಯಲ್ಲಿ ನಿಂತ ಎಣ್ಣೆಯೇ ಮರಳಿ ಮರಳಿ ಮೇಲೆ ಚಿಮ್ಮಿ, ಪಿಸ್ಟನ್ನಿನಿಂದ ಮೊದಲ್ಗೊಂಡು ಬೇರಿಂಗುಗಳವರೆಗೆ ಎಲ್ಲವನ್ನೂ ಕಾಪಾಡುತ್ತದೆ. ಮುಂದಿನ ವಿವೇಚನೆಯೆಲ್ಲ ಈ ಜಾತಿಯನ್ನು ಕುರಿತದ್ದು.

2. ಎಣ್ಣೆ ಕೆಡುವ ಬಗೆ

ಎಣ್ಣೆ ತಾನಾಗಿ ಸವೆಯುವುದಕ್ಕಿಂತ, ಅದರೊಳಗೆ ಸೇರುವ ವಸ್ತುಗಳಿಂದ ಕೆಡುವುದೇ ಹೆಚ್ಚು. ಹೊಸ ಎಂಜಿನ್ನಿನಲ್ಲಿ ಲೋಹದ ಮೈಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಸೂಕ್ಷ್ಮವಾದ ಲೋಹಕಣಗಳು ಉದುರುತ್ತವೆ. ಪಿಸ್ಟನ್ನಿನ ಉಂಗುರಗಳ ಪಕ್ಕದಿಂದ ಮಸಿಯೂ, ಪೂರ್ತಿ ಉರಿಯದ ಪೆಟ್ರೋಲೂ, ನೀರಾವಿಯೂ ತಳಕ್ಕೆ ಜಾರುತ್ತವೆ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು ಒಂದು ಲೀಟರ್ ನೀರು ಉತ್ಪನ್ನವಾಗುತ್ತದೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಆದರೆ ಪೆಟ್ರೋಲಿನಲ್ಲಿರುವ ಜಲಜನಕವು ವಾಯುವಿನ ಆಮ್ಲಜನಕದೊಡನೆ ಕೂಡಿದ ಮೇಲೆ ಬೇರೇನಾಗಬೇಕು? ಇದರ ಬಹುಭಾಗ ಹೊಗೆಯೊಡನೆ ಹೊರಕ್ಕೆ ಹೋಗುತ್ತದೆ. ಅಲ್ಪಭಾಗ ತಣ್ಣನೆಯ ಲೋಹಕ್ಕೆ ತಗುಲಿ ಹನಿಗಟ್ಟಿ ಎಣ್ಣೆಗೆ ಸೇರುತ್ತದೆ. ಎಂಜಿನ್ನು ಚೆನ್ನಾಗಿ ಕಾದು ಬಹುಹೊತ್ತು ನಡೆದರೆ ಈ ನೀರು ಆವಿಯಾಗಿ ಹೋದೀತು. ಐದು ನಿಮಿಷ ನಡೆಸಿ ನಿಲ್ಲಿಸಿದರೆ ಅಲ್ಲಿಯೇ ಉಳಿಯುತ್ತದೆ. ಪರೀಕ್ಷೆಗೆಂದು ವಾರಕ್ಕೊಮ್ಮೆ ಕ್ಷಣಕಾಲ ನಡೆಸಿಡುವ ಜನರೇಟರಿನ ಎಣ್ಣೆ, ದುಡಿಯುವ ಜನರೇಟರಿನ ಎಣ್ಣೆಗಿಂತ ಕೆಲವೊಮ್ಮೆ ಬೇಗ ಕೆಡುವುದು ಈ ಕಾರಣದಿಂದಲೇ.

ಕಾರಿನ ಎಂಜಿನ್ನಿಗೆ ಎಣ್ಣೆಯನ್ನು ಸೋಸುವ ಫಿಲ್ಟರೂ ತಂಪು ಮಾಡುವ ನೀರೂ ಉಂಟು. ಸಣ್ಣ ಎಂಜಿನ್ನುಗಳಲ್ಲಿ ಬಹುಪಾಲಿಗೆ ಇವೆರಡೂ ಇಲ್ಲ. ಕೊಳೆಯನ್ನು ಹಿಡಿದಿಡುವ ಕೆಲಸವೂ ಶಾಖವನ್ನು ಸಾಗಿಸುವ ಕೆಲಸದ ಒಂದು ಪಾಲೂ ಎಣ್ಣೆಯ ಮೇಲೆಯೇ ಬೀಳುತ್ತವೆ. 35 ಸಿ.ಸಿ.ಯ ಬ್ರಷ್ ಕಟ್ಟರಿನಲ್ಲಿ ಆ ಎಣ್ಣೆಯಾದರೂ ಎಷ್ಟು? ಕೇವಲ 100 ಮಿಲಿಲೀಟರ್. ಒಂದು ಸಣ್ಣ ಲೋಟದಲ್ಲಿ ಹಿಡಿಯುವ ಇಷ್ಟು ದ್ರವವು, ನಿಮಿಷಕ್ಕೆ ಆರೇಳು ಸಾವಿರ ಸುತ್ತು ತಿರುಗುವ ಯಂತ್ರವನ್ನು ಕಾಯಬೇಕು.

3. ಗಂಟೆಗಳ ಗಣನೆ

ಆದುದರಿಂದ ಗಣನೆಗೆ ತೆಗೆದುಕೊಳ್ಳಬೇಕಾದ್ದು ಮೊದಲನೆಯದಾಗಿ ಎಂಜಿನ್ನು ದುಡಿದ ಗಂಟೆಗಳನ್ನು. ಹೋಂಡಾ ಕಂಪನಿಯ ಜಿಎಕ್ಸ್ 35 ಎಂಬ ಎಂಜಿನ್ನಿನ ಕೈಪಿಡಿಯು ಮೊದಲ ಬದಲಾವಣೆಯನ್ನು ಒಂದು ತಿಂಗಳಿಗೆ ಅಥವಾ 10 ಗಂಟೆಗೆ, ಅನಂತರ 6 ತಿಂಗಳಿಗೊಮ್ಮೆ ಅಥವಾ 50 ಗಂಟೆಗೊಮ್ಮೆ ವಿಧಿಸುತ್ತದೆ. ಅದೇ ಕಂಪನಿಯ ದೊಡ್ಡ ಎಂಜಿನ್ನಾದ ಜಿಎಕ್ಸ್ 160ರಲ್ಲಿ ಸುಮಾರು 600 ಮಿಲಿಲೀಟರ್ ಎಣ್ಣೆ ಹಿಡಿಯುತ್ತದೆ. ಅದಕ್ಕೆ ಮೊದಲು 20 ಗಂಟೆ, ಅನಂತರ 100 ಗಂಟೆ. ಎರಡರಲ್ಲಿಯೂ ಯಾವುದು ಮೊದಲು ಬರುವುದೋ ಅದೇ ಗಡುವು. ಮೊದಲ ಗಡುವು ಇಷ್ಟು ಹತ್ತಿರವಾಗಿರಲು ಹೊಸ ಎಂಜಿನ್ನಿನಿಂದ ಉದುರುವ ಲೋಹಕಣಗಳೇ ಕಾರಣ.

ಈ ಅಂಕೆಗಳನ್ನು ನಮ್ಮ ಪ್ರದೇಶಕ್ಕೆ ಅನ್ವಯಿಸಿ ನೋಡೋಣ. ಬಾಡಿಗೆಗೆ ಹುಲ್ಲು ಕತ್ತರಿಸುವ ಶ್ರಮಿಕನೊಬ್ಬನು ದಿನಕ್ಕೆ 5 ಗಂಟೆ ಯಂತ್ರ ನಡೆಸಿದರೆ 50 ಗಂಟೆಗಳು ಹತ್ತು ದಿನಗಳಲ್ಲಿ ಮುಗಿಯುತ್ತವೆ. ಆಯುಧಪೂಜೆಯವರೆಗೆ ಕಾಯುವ ಪದ್ಧತಿ ಅವನಿಗೆ ವಿನಾಶಕರ. ಯಂತ್ರ ಕಚ್ಚಿಕೊಂಡು ನಿಂತ ದಿನ ಅವನ ಕೂಲಿಯೂ ನಿಲ್ಲುತ್ತದೆ. ಒಂದು ಲೀಟರ್ ಎಣ್ಣೆಯಿಂದ ಹತ್ತು ಬದಲಾವಣೆ, ಎಂದರೆ 500 ಗಂಟೆಗಳ ದುಡಿಮೆ ಸಾಧ್ಯವಾಗುವುದರಿಂದ, ಇಲ್ಲಿ ಉಳಿತಾಯ ಮಾಡುವುದು ಉಳಿತಾಯವಲ್ಲ. ಇದಕ್ಕೆ ವಿರುದ್ಧವಾಗಿ, ಮಣಿಪಾಲದ ಮನೆಯೊಂದರಲ್ಲಿ ತಿಂಗಳಿಗೆ 2 ಗಂಟೆ ನಡೆಯುವ ಯಂತ್ರವು ವರ್ಷಕ್ಕೆ 24 ಗಂಟೆಗಳನ್ನೂ ಮೀರದು. ಅದಕ್ಕೆ ಗಂಟೆಗಳ ಗಡುವಿಗಿಂತ ತಿಂಗಳುಗಳ ಗಡುವೇ ಮೊದಲು ಬರುತ್ತದೆ.

ಗಂಟೆ ಎಣಿಸುವ ಮೀಟರು ಇಲ್ಲದ ಯಂತ್ರಕ್ಕೆ ಸುಲಭವಾದ ಉಪಾಯವೊಂದುಂಟು. ಒಂದು ತೊಟ್ಟಿ ಪೆಟ್ರೋಲು ಎಷ್ಟು ಹೊತ್ತು ನಡೆಯುತ್ತದೆಂದು ಒಮ್ಮೆ ಗಡಿಯಾರ ನೋಡಿ ಗುರುತಿಸಿಕೊಳ್ಳಬೇಕು. ಅದು ಮುಕ್ಕಾಲು ಗಂಟೆಯಾದರೆ 67 ತೊಟ್ಟಿಗಳಿಗೆ 50 ಗಂಟೆಗಳಾದಂತೆ. ತೊಟ್ಟಿ ತುಂಬಿದಾಗಲೆಲ್ಲ ಗೋಡೆಯ ಮೇಲೆ ಒಂದು ಗೀಟು ಎಳೆದರೆ ಲೆಕ್ಕ ತಪ್ಪುವುದಿಲ್ಲ.

ಬಣ್ಣವನ್ನು ನಂಬುವುದು ಸರಿಯಲ್ಲ. ಪವರ್ ಟಿಲ್ಲರಿನ ಡೀಸೆಲ್ ಎಂಜಿನ್ನಿನಲ್ಲಿ ಹೊಸ ಎಣ್ಣೆಯೂ ಮಸಿಯಿಂದ ಬಲುಬೇಗ ಕಪ್ಪಾಗುತ್ತದೆ. ಮಸಿಯನ್ನು ತನ್ನಲ್ಲಿ ಹಿಡಿದಿಟ್ಟು ಅದು ತನ್ನ ಕೆಲಸವನ್ನೇ ಮಾಡುತ್ತಿದೆ. ಪೆಟ್ರೋಲ್ ಸೇರಿ ತೆಳುವಾದ ಎಣ್ಣೆಯಾದರೋ ನೋಟಕ್ಕೆ ತಿಳಿಯಾಗಿಯೇ ಇರಬಹುದು. ಬೆಳ್ಳಗಿನ ನೊರೆ, ಪೆಟ್ರೋಲಿನ ವಾಸನೆ, ಮಿನುಗುವ ಲೋಹದ ಪುಡಿ ಇವು ಕಂಡರೆ ಮಾತ್ರ ಗಡುವಿಗೆ ಕಾಯದೆ ಬದಲಾಯಿಸಬೇಕು.

4. ಋತುವಿನ ಗಣನೆ

ಎರಡನೆಯ ಗಣನೆ ಋತುವಿನದು. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಹೆಚ್ಚಿನ ಭಾಗ ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳುಗಳದು. ಗಾಳಿಯೆಲ್ಲ ತೇವದಿಂದ ತುಂಬಿರುತ್ತದೆ. ಕಾಪುವಿನಂಥ ಕಡಲ ಅಂಚಿನಲ್ಲಿ ಉಪ್ಪಿನ ಅಂಶವೂ ಕೂಡಿಕೊಳ್ಳುತ್ತದೆ. ಕೆಲಸ ಮುಗಿದ ಯಂತ್ರವನ್ನು ಹಳೆಯ ಎಣ್ಣೆಯೊಡನೆ ಕೊಟ್ಟಿಗೆಯಲ್ಲಿರಿಸಿ, ಮುಂದಿನ ಬಾರಿ ಹೊರತೆಗೆದಾಗ ಬದಲಾಯಿಸುವುದು ಸಾಮಾನ್ಯ ರೂಢಿ. ಇದು ತಲೆಕೆಳಗಾದ ಕ್ರಮ. ಆಮ್ಲಗಳೂ ನೀರೂ ಸೇರಿದ ಎಣ್ಣೆ ತಿಂಗಳುಗಟ್ಟಲೆ ಬೇರಿಂಗುಗಳ ಮೇಲೆ ನಿಂತರೆ, ಯಂತ್ರ ದುಡಿಯದೆಯೇ ಸವೆಯುತ್ತದೆ. ಎಣ್ಣೆಯನ್ನು ಬದಲಾಯಿಸತಕ್ಕದ್ದು ಬಿಡುವಿನ ಆರಂಭದಲ್ಲಿ, ಕೊನೆಯಲ್ಲಲ್ಲ.

ಈ ಬಿಡುವು ಎಲ್ಲ ಯಂತ್ರಗಳಿಗೂ ಒಂದೇ ಕಾಲದಲ್ಲಿ ಬರುವುದಿಲ್ಲ. ತೋಟಕ್ಕೆ ನೀರೆತ್ತುವ ಪಂಪು ಬೇಸಗೆಯಲ್ಲಿ ದುಡಿದು ಮಳೆಗಾಲದಲ್ಲಿ ವಿರಮಿಸುತ್ತದೆ. ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆ, ಎಂದರೆ ಮೇ 24ರ ಸುಮಾರು, ಯಕ್ಷಗಾನದ ಮೇಳಗಳೂ ಕೋಲಗಳೂ ವರ್ಷದ ತಿರುಗಾಟ ಮುಗಿಸುವ ದಿನ. ಪಂಪಿಗೂ ಅದನ್ನೇ ಗಡುವಾಗಿಟ್ಟುಕೊಂಡರೆ ಮರೆಯಲಾಗದು. ಟಿಲ್ಲರು ಏಣೆಲು, ಸುಗ್ಗಿ, ಕೊಳಕೆ ಬೆಳೆಗಳಲ್ಲಿ ಯಾವುದರ ಉಳುಮೆಯೊಡನೆ ಕೆಲಸ ಮುಗಿಸುವುದೋ ಅದೇ ಅದರ ಗಡುವು. ಹುಲ್ಲಿನ ಯಂತ್ರಕ್ಕೆ ಹುಲ್ಲು ಒಣಗಿ ಕತ್ತರಿಸುವ ಕೆಲಸ ಮುಗಿಯುವ ಹೊತ್ತು ತಕ್ಕದ್ದು. ಆಗ ಪೆಟ್ರೋಲನ್ನೂ ಬರಿದುಮಾಡುವುದು ಒಳ್ಳೆಯದು; ಇಂದಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲು ತೇವವನ್ನು ಹೀರಿಕೊಳ್ಳುತ್ತದೆ.

5. ವಿಧಾನ ಮತ್ತು ವಿಲೇವಾರಿ

ಎಂಜಿನ್ನನ್ನು ಕೆಲವು ನಿಮಿಷ ನಡೆಸಿ, ನಿಲ್ಲಿಸಿ, ಎಣ್ಣೆ ಬೆಚ್ಚಗಿರುವಾಗಲೇ ಬಸಿಯಬೇಕು. ತಣ್ಣಗಾದರೆ ಕೊಳೆ ತಳದಲ್ಲಿ ನಿಲ್ಲುತ್ತದೆ. ಹೊಸ ಎಣ್ಣೆಯನ್ನು ಯಂತ್ರ ಸಮತಲದಲ್ಲಿರುವಾಗ ಗುರುತಿನವರೆಗೆ ಮಾತ್ರ ತುಂಬಬೇಕು. ಕಡಿಮೆಯಾದರೆ ಚಿಮ್ಮುವ ಎಣ್ಣೆ ಮೇಲಕ್ಕೆ ತಲಪದು. ಹೆಚ್ಚಾದರೆ ಗಾಳಿಯ ಫಿಲ್ಟರಿಗೆ ಏರುತ್ತದೆ.

ಬಸಿದ ಎಣ್ಣೆಯ ವಿಚಾರ ಎಂಜಿನ್ನಿಗಿಂತಲೂ ಮುಖ್ಯ. ನಮ್ಮ ನೆಲ ರಂಧ್ರಮಯವಾದ ಮುರಕಲ್ಲು, ಮನೆಮನೆಗೂ ಬಾವಿ. ಅಂಗಳದ ಮೂಲೆಗೆ ಚೆಲ್ಲಿದ ಎಣ್ಣೆಯನ್ನು ಮಳೆನೀರು ಬಾವಿಯ ಕಡೆಗೆ ಒಯ್ಯಬಲ್ಲದು. ಗೆದ್ದಲಿಗೆಂದು ಬೇಲಿಯ ಕಂಬಗಳಿಗೆ ಬಳಿಯುವ ರೂಢಿಯನ್ನೂ ಇದೇ ಕಾರಣದಿಂದ ಬಿಡುವುದು ಲೇಸು. ಬಳಸಿದ ಎಣ್ಣೆಯನ್ನು 2016ರ ಕೇಂದ್ರ ನಿಯಮಗಳು ಅಪಾಯಕಾರಿ ತ್ಯಾಜ್ಯವೆಂದು ಪರಿಗಣಿಸುತ್ತವೆ. ಮುಚ್ಚಳವುಳ್ಳ ಡಬ್ಬಿಯಲ್ಲಿ ಕೂಡಿಟ್ಟು, ಮರುಬಳಕೆಗೆ ಕಳುಹಿಸುವ ಗ್ಯಾರೇಜಿಗೆ ಒಪ್ಪಿಸುವುದೇ ಸರಿಯಾದ ಮಾರ್ಗ.

ಮೇಲ್ಕಂಡ ವಿವೇಚನೆಯ ಸಾರವಿಷ್ಟು: ಹೊಸ ಎಂಜಿನ್ನಿನ ಎಣ್ಣೆಯನ್ನು ಬಹುಬೇಗ ಒಮ್ಮೆ ಬದಲಾಯಿಸಬೇಕು; ಅನಂತರ ಕೈಪಿಡಿ ಹೇಳಿದ ಗಂಟೆಗಳಿಗೆ ಅಥವಾ ತಿಂಗಳುಗಳಿಗೆ, ಯಾವುದು ಮೊದಲೋ ಅದಕ್ಕೆ; ಮತ್ತು ಯಂತ್ರವನ್ನು ವಿಶ್ರಾಂತಿಗೆ ಇಡುವ ಮುನ್ನ ತಪ್ಪದೆ.