ಏರ್ ರೈಫಲ್ ಕೊಳ್ಳುವ ಮುನ್ನ: ಗುರಿ ಕಾಗದದ ಮೇಲಿರಲಿ, ಹಕ್ಕಿಯ ಮೇಲಲ್ಲ

ಬೆಂಗಳೂರು: ಜಾತ್ರೆಯ ಬೀದಿಯಲ್ಲಿ ಹಲಗೆಗೆ ಸಾಲಾಗಿ ಕಟ್ಟಿದ ಬಣ್ಣಬಣ್ಣದ ಬಲೂನುಗಳು, ಎದುರಿನ ಮೇಜಿನ ಮೇಲೆ ಒಂದು ಹಳೆಯ ಏರ್‌ಗನ್, ಸುತ್ತ ಮುತ್ತಿಕೊಂಡ ಹುಡುಗರ ಗುಂಪು. ಈ ದೃಶ್ಯ ಕಾಣದೆ ಬೆಳೆದ ಕನ್ನಡಿಗರು ವಿರಳ. ಹಣ ತೆತ್ತು, ಒಂದು ಕಣ್ಣು ಮುಚ್ಚಿ ಗುರಿಯಿಟ್ಟು, ಒಂದೇ ಒಂದು ಬಲೂನು ಒಡೆದರೂ ಯುದ್ಧ ಗೆದ್ದಂತೆ ಸಂಭ್ರಮಿಸಿದವರು ನಮ್ಮಲ್ಲಿ ಅನೇಕರಿದ್ದಾರೆ. ಆ ಸಂಭ್ರಮದ ನೆನಪೇ ಮುಂದೊಂದು ದಿನ ಕೆಲವರನ್ನು ಏರ್ ರೈಫಲ್ ಮಾರುವ ಅಂಗಡಿಯ ಬಾಗಿಲಿಗೆ ಕರೆದೊಯ್ಯುತ್ತದೆ.

ಅಂಗಡಿಯಲ್ಲಿ ಗ್ರಾಹಕರು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡು. ಇದಕ್ಕೆ ಲೈಸೆನ್ಸ್ ಬೇಕೆ? ಇದರಿಂದ ಹಕ್ಕಿ, ಮೊಲ ಹೊಡೆಯಬಹುದೆ? ಮೊದಲನೆಯದಕ್ಕೆ ಉತ್ತರ, ಒಂದು ಮಿತಿಯೊಳಗೆ ‘ಬೇಡ’. ಎರಡನೆಯದಕ್ಕೆ ಉತ್ತರ ‘ಹೊಡೆಯುವಂತಿಲ್ಲ’. ಮೊದಲ ಉತ್ತರವನ್ನಷ್ಟೇ ಕೇಳಿಸಿಕೊಂಡು ಮನೆಗೆ ಹೋದವರು ಸಂಕಷ್ಟಕ್ಕೆ ಸಿಲುಕುತ್ತಾರೆ. ಲೈಸೆನ್ಸ್ ವಿನಾಯಿತಿ ಇರುವುದು ಕೋವಿಗೆ ಮಾತ್ರ. ಅದರಿಂದ ಮಾಡುವ ಕೃತ್ಯಕ್ಕೆ ಯಾವ ವಿನಾಯಿತಿಯೂ ಇಲ್ಲ. ಈ ವ್ಯತ್ಯಾಸ ಅರಿತು ಕೊಂಡವರಿಗೆ ಏರ್ ರೈಫಲ್ ವರ್ಷಗಟ್ಟಲೆ ಸಂತೋಷ ಕೊಡಬಲ್ಲ ಉತ್ತಮ ಹವ್ಯಾಸ.

ಗಾಳಿಯೇ ಇಲ್ಲಿ ಮದ್ದು

ಸಾಮಾನ್ಯ ಬಂದೂಕಿನಲ್ಲಿ ಮದ್ದು ಸಿಡಿದು ಗುಂಡನ್ನು ತಳ್ಳುತ್ತದೆ. ಏರ್ ರೈಫಲ್‌ನಲ್ಲಿ ಆ ಕೆಲಸವನ್ನು ಒತ್ತಡಕ್ಕೊಳಗಾದ ಗಾಳಿ ಮಾಡುತ್ತದೆ. ಗುಂಡು ಸೀಸದ ಪುಟ್ಟ ಪೆಲೆಟ್. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು 4.5 ಮಿಲಿಮೀಟರ್, ಅಂದರೆ 0.177 ಅಂಗುಲ ವ್ಯಾಸದ ಪೆಲೆಟ್. ಮದ್ದಿಲ್ಲ ಎಂದ ಮಾತ್ರಕ್ಕೆ ಇದನ್ನು ಆಟಿಕೆಯೆಂದು ಭಾವಿಸುವುದು ತಪ್ಪು. 18ನೇ ಶತಮಾನದ ಕೊನೆಯ ಭಾಗದಲ್ಲಿ ಆಸ್ಟ್ರಿಯಾದ ಸೇನೆ ಗಿರಾರ್ಡೋನಿ ಎಂಬ ಏರ್ ರೈಫಲನ್ನು ಯುದ್ಧಾಯುಧವಾಗಿಯೇ ಬಳಸಿತ್ತೆಂಬುದು ಗಮನಾರ್ಹ.

ಕಾನೂನು ಏನನ್ನುತ್ತದೆ?

2016ರ ಶಸ್ತ್ರಾಸ್ತ್ರ ನಿಯಮಗಳು ಏರ್ ರೈಫಲ್‌ಗಳನ್ನು ಎರಡು ಅಳತೆಗಳಿಂದ ವಿಂಗಡಿಸುತ್ತವೆ. ನಳಿಗೆಯ ವ್ಯಾಸ 0.177 ಅಂಗುಲ ಮೀರಿರಬಾರದು, ನಳಿಗೆಯಿಂದ ಹೊರಬೀಳುವ ಗುಂಡಿನ ಶಕ್ತಿ 20 ಜೂಲ್ ಮೀರಿರಬಾರದು. ಇವೆರಡೂ ಮಿತಿಯೊಳಗಿದ್ದರೆ ಲೈಸೆನ್ಸ್ ಅಗತ್ಯವಿಲ್ಲ. ಯಾವುದಾದರೊಂದು ಮೀರಿದರೂ ಲೈಸೆನ್ಸ್ ಬೇಕು. ಹೀಗಾಗಿ 5.5 ಮಿಲಿಮೀಟರ್‌ನ ‘ಪಾಯಿಂಟ್ ಟೂ ಟೂ’ ಏರ್ ರೈಫಲ್ ಎಷ್ಟೇ ದುರ್ಬಲವಾಗಿದ್ದರೂ ವಿನಾಯಿತಿಯ ವ್ಯಾಪ್ತಿಗೆ ಬರುವುದಿಲ್ಲ.

ಜೂಲ್ ಲೆಕ್ಕ ಕಷ್ಟದ್ದೇನಲ್ಲ. ಗುಂಡಿನ ತೂಕ ಮತ್ತು ವೇಗ ಗೊತ್ತಿದ್ದರೆ ಸಾಕು. ಸುಮಾರು 0.53 ಗ್ರಾಂ ತೂಗುವ ಸಾಮಾನ್ಯ ಪೆಲೆಟ್ ಸೆಕೆಂಡಿಗೆ 275 ಮೀಟರ್ ವೇಗದಲ್ಲಿ ಹೊರಬಿದ್ದರೆ ಅದರ ಶಕ್ತಿ 20 ಜೂಲ್‌ನ ಅಂಚಿಗೆ ಬರುತ್ತದೆ. ಪೆಟ್ಟಿಗೆಯ ಮೇಲೆ ‘ಸೆಕೆಂಡಿಗೆ 1000 ಅಡಿ’ ಎಂದು ದಪ್ಪಕ್ಷರಗಳಲ್ಲಿ ಮುದ್ರಿಸಿರುವುದನ್ನು ಕಂಡು ಮರುಳಾಗುವವರು ಇದನ್ನು ನೆನಪಿಡಬೇಕು. ಇದೇ ತೂಕದ ಪೆಲೆಟ್ ನಿಜವಾಗಿಯೂ ಆ ವೇಗದಲ್ಲಿ ಹೋದರೆ ಶಕ್ತಿ 24 ಜೂಲ್ ದಾಟುತ್ತದೆ, ಅಂದರೆ ವಿನಾಯಿತಿ ತಪ್ಪುತ್ತದೆ. ತೀರಾ ಹಗುರವಾದ ಪೆಲೆಟ್ ಹಾಕಿ ಅಳೆದ ವೇಗವನ್ನೇ ಜಾಹೀರಾತಿನಲ್ಲಿ ಮೆರೆಸುವುದೂ ಉಂಟು. ಆದ್ದರಿಂದ ವೇಗವನ್ನಷ್ಟೇ ನೋಡದೆ ಶಕ್ತಿ ಎಷ್ಟು ಜೂಲ್ ಎಂದು ಕೇಳಬೇಕು, ತಯಾರಕರ ದಾಖಲೆ ಪಡೆಯಬೇಕು. ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಕೊಂಡ ಮೇಲೆ ಗಟ್ಟಿ ಸ್ಪ್ರಿಂಗ್ ಹಾಕಿಸಿ ಶಕ್ತಿ ಹೆಚ್ಚಿಸುವ ಸಾಹಸಕ್ಕೆ ಕೈಹಾಕಬಾರದು.

ಬೇಟೆಯ ಆಸೆಗೆ ಬೀಗ

ಏರ್ ರೈಫಲ್‌ನಿಂದ ಬೇಟೆಯಾಡುವುದು ಕೆಲವು ದೇಶಗಳಲ್ಲಿ ಕಾನೂನುಬದ್ಧ. ಬ್ರಿಟನ್‌ನಲ್ಲಿ ಮೊಲ, ಕಾಡುಪಾರಿವಾಳಗಳ ಹಾವಳಿ ತಡೆಯಲು ಜಮೀನಿನ ಮಾಲೀಕರ ಅನುಮತಿ ಪಡೆದು ಇದನ್ನು ಬಳಸುತ್ತಾರೆ. ಅಲ್ಲಿಯೂ ಕಟ್ಟುಪಾಡುಗಳಿವೆ. ಇಂಗ್ಲೆಂಡಿನಲ್ಲಿ ಪ್ರಮಾಣಪತ್ರವಿಲ್ಲದೆ ಇಟ್ಟುಕೊಳ್ಳಬಹುದಾದ ಏರ್ ರೈಫಲ್‌ನ ಶಕ್ತಿ ಸುಮಾರು 16 ಜೂಲ್‌ಗೆ ಸೀಮಿತ. ಸ್ಕಾಟ್ಲೆಂಡ್‌ನಲ್ಲಿ 2016ರ ಡಿಸೆಂಬರ್ 31ರಿಂದ ಸಾಮಾನ್ಯ ಏರ್ ರೈಫಲ್‌ಗೂ ಪ್ರಮಾಣಪತ್ರ ಕಡ್ಡಾಯ. ಆಸ್ಟ್ರೇಲಿಯಾದಲ್ಲಿ ಲೈಸೆನ್ಸ್ ಬೇಕು. ವಿದೇಶಗಳಲ್ಲಿ ನೆಲೆಸಿರುವ ಕನ್ನಡಿಗರು ಆಯಾ ನಾಡಿನ ನಿಯಮ ತಿಳಿದೇ ಮುಂದುವರಿಯುವುದು ಒಳಿತು.

ಭಾರತದ ಸ್ಥಿತಿ ಬೇರೆಯೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂದರೆ ಕೊಲ್ಲುವುದಷ್ಟೇ ಅಲ್ಲ. ಬಲೆ ಒಡ್ಡುವುದು, ಹಿಡಿಯುವುದು, ಗಾಯಗೊಳಿಸುವುದು, ಇವುಗಳಿಗೆ ಪ್ರಯತ್ನಿಸುವುದು ಕೂಡ ಬೇಟೆಯೇ. ಗುರಿ ತಪ್ಪಿತು, ಹಕ್ಕಿ ಹಾರಿಹೋಯಿತು ಎಂಬುದು ಸಮರ್ಥನೆಯಾಗದು. ಹಿಂದೆ ಕಾಗೆ, ಇಲಿ, ಹಣ್ಣು ತಿನ್ನುವ ಬಾವಲಿಗಳನ್ನು ಉಪದ್ರವಕಾರಿ ಪ್ರಾಣಿಗಳ ಪಟ್ಟಿಯಲ್ಲಿ ಇಡಲಾಗಿತ್ತು. 2023ರ ಏಪ್ರಿಲ್ 1ರಂದು ಜಾರಿಗೆ ಬಂದ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ಕೈಬಿಡಲಾಯಿತು. ‘ಕಾಗೆ ತಾನೆ, ಹೊಡೆದರೇನಂತೆ’ ಎಂಬ ಹಳೆಯ ಮಾತು ಈಗ ನಡೆಯದು.

ಅದೇ ತಿದ್ದುಪಡಿ ದಂಡವನ್ನೂ ಹೆಚ್ಚಿಸಿತು. ಸಾಮಾನ್ಯ ಉಲ್ಲಂಘನೆಗೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ನವಿಲಿನಂತೆ ಮೊದಲನೇ ಅನುಸೂಚಿಯಲ್ಲಿರುವ ಜೀವಿಯಾದರೆ ಕನಿಷ್ಠ ಮೂರು, ಗರಿಷ್ಠ ಏಳು ವರ್ಷ ಸೆರೆವಾಸದ ಜೊತೆಗೆ ಕನಿಷ್ಠ 25 ಸಾವಿರ ರೂಪಾಯಿ ದಂಡ. ಬೀದಿನಾಯಿ, ನೆರೆಮನೆಯ ಬೆಕ್ಕು ವನ್ಯಜೀವಿಗಳಲ್ಲ ಎಂಬ ವಾದವೂ ನಿಲ್ಲದು. ಪ್ರಾಣಿಯನ್ನು ಕೊಲ್ಲುವ ಅಥವಾ ಅಂಗಹೀನಗೊಳಿಸುವ ಕೃತ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 325ನೇ ವಿಧಿಯಲ್ಲಿ ಐದು ವರ್ಷದವರೆಗೆ ಶಿಕ್ಷೆಗೆ ಅವಕಾಶವಿದೆ.

ಕಾನೂನನ್ನು ಬದಿಗಿಟ್ಟು ನೋಡಿದರೂ ಏರ್ ರೈಫಲ್ ಬೇಟೆ ಕ್ರೂರವಾಗುವ ಸಂಭವವೇ ಹೆಚ್ಚು. 0.177ರ ಹಗುರ ಪೆಲೆಟ್ ದೂರ ಸಾಗಿದಂತೆ ಬೇಗನೆ ಬಲಗುಂದುತ್ತದೆ. ಮರ್ಮಕ್ಕೆ ತಾಗದಿದ್ದರೆ ಪ್ರಾಣಿ ಸಾಯದೆ, ಬದುಕದೆ ಪೊದೆಯೊಳಗೆ ನರಳುತ್ತದೆ. ತೋಟಕ್ಕೆ ನುಗ್ಗುವ ಮಂಗಗಳನ್ನು ಓಡಿಸಲೆಂದು ಏರ್‌ಗನ್ ಇಟ್ಟುಕೊಂಡ ಮಲೆನಾಡಿನ ಬೆಳೆಗಾರರೂ ಈ ಅಂಶ ಗಮನಿಸಬೇಕು. ಸದ್ದು ಮಾಡಿ ಬೆದರಿಸುವುದು ಬೇರೆ, ಮೈಗೆ ಗುಂಡು ಹಾಕುವುದು ಬೇರೆ.

ಈ ಪುಟ್ಟ ಕೋವಿ ಎಷ್ಟು ಹಾನಿ ಮಾಡಬಲ್ಲದು ಎಂಬುದಕ್ಕೆ ಈಶಾನ್ಯದ ನಿದರ್ಶನವಿದೆ. ಏರ್‌ಗನ್ ಬೇಟೆಯಿಂದ ಕಾಡಿನ ಹಕ್ಕಿಗಳು ಕಣ್ಮರೆಯಾಗುತ್ತಿರುವುದನ್ನು ಕಂಡ ಅರುಣಾಚಲ ಪ್ರದೇಶ ಸರ್ಕಾರ 2021ರಲ್ಲಿ ಏರ್‌ಗನ್ ಒಪ್ಪಿಸುವ ಅಭಿಯಾನ ಆರಂಭಿಸಿತು. ಗ್ರಾಮಸ್ಥರು ತಾವಾಗಿಯೇ ಮುಂದೆ ಬಂದು ಕೋವಿಗಳನ್ನು ಒಪ್ಪಿಸಿದರು.

ಯಾವ ಬಗೆ ನಿಮಗೆ?

ಗುರಿ ಅಭ್ಯಾಸಕ್ಕೆಂದು ನಿರ್ಧರಿಸಿದ ಮೇಲೆ ಆಯ್ಕೆ ಸುಲಭ. ಮಾರುಕಟ್ಟೆಯಲ್ಲಿರುವ ರೈಫಲ್‌ಗಳನ್ನು ಮುಖ್ಯವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಸ್ಪ್ರಿಂಗ್ ರೈಫಲ್. ಜಾತ್ರೆಯಲ್ಲಿ ಕಾಣುವುದು ಇದೇ. ನಳಿಗೆಯನ್ನು ಕೆಳಕ್ಕೆ ಬಗ್ಗಿಸಿದಾಗ ಒಳಗಿನ ಉಕ್ಕಿನ ಸ್ಪ್ರಿಂಗ್ ಅದುಮಿಕೊಳ್ಳುತ್ತದೆ. ಟ್ರಿಗರ್ ಒತ್ತಿದೊಡನೆ ಅದು ಚಿಮ್ಮಿ ಪಿಸ್ಟನ್ನನ್ನು ಮುಂದಕ್ಕೆ ತಳ್ಳುತ್ತದೆ, ಗಾಳಿ ಒತ್ತಡಕ್ಕೊಳಗಾಗಿ ಪೆಲೆಟ್ಟನ್ನು ಹೊರದೂಡುತ್ತದೆ. ಬೆಲೆ ಕಡಿಮೆ, ಬೇರೆ ಪರಿಕರ ಬೇಡ, ವರ್ಷಗಟ್ಟಲೆ ಬಾಳಿಕೆ ಬರುತ್ತದೆ. ಸ್ಪ್ರಿಂಗ್ ಬದಲು ಅನಿಲ ತುಂಬಿದ ಕೊಳವೆ ಇರುವ ಮಾದರಿಗಳೂ ಇವೆ. ಈ ಬಗೆಯ ದೊಡ್ಡ ತೊಡಕು ಅದರ ಒದೆತ. ಪೆಲೆಟ್ ನಳಿಗೆ ಬಿಡುವ ಮುನ್ನವೇ ಪಿಸ್ಟನ್‌ನ ಓಟದಿಂದ ರೈಫಲ್ ಹಿಂದಕ್ಕೂ ಮುಂದಕ್ಕೂ ಅಲುಗುತ್ತದೆ. ಅದನ್ನು ಬಿಗಿಯಾಗಿ ಹಿಡಿದಷ್ಟೂ ಗುರಿ ಕೆಡುತ್ತದೆ. ಅಂಗೈ ಮೇಲೆ ಹಗುರಾಗಿ ಇರಿಸಿಕೊಂಡು, ಪ್ರತಿ ಬಾರಿಯೂ ಒಂದೇ ರೀತಿ ಅಲುಗಲು ಬಿಡುವುದೇ ಗುಟ್ಟು.

ಎರಡನೆಯದು ಪಿಸಿಪಿ ಎಂದು ಕರೆಯಲಾಗುವ ಬಗೆ. ಇದರ ಸಿಲಿಂಡರಿನಲ್ಲಿ ಮೊದಲೇ ಅಧಿಕ ಒತ್ತಡದ ಗಾಳಿ ತುಂಬಿಸಲಾಗುತ್ತದೆ, ಸಾಮಾನ್ಯವಾಗಿ 200 ಬಾರ್‌ವರೆಗೆ. ಒದೆತ ಇಲ್ಲವೆನ್ನುವಷ್ಟು ಕಡಿಮೆ, ಗುರಿ ಕರಾರುವಾಕ್ಕು. ಸ್ಪರ್ಧೆಗಳಲ್ಲಿ ಕಾಣುವುದು ಇದೇ. ಆದರೆ ಗಾಳಿ ತುಂಬಲು ವಿಶೇಷ ಪಂಪು ಅಥವಾ ಸಿಲಿಂಡರ್ ಬೇಕು. ಜರ್ಮನಿಯ ಫೈನ್‌ವರ್ಕ್‌ಬೌ, ವಾಲ್ಥರ್ ಮುಂತಾದ ಸ್ಪರ್ಧಾ ರೈಫಲ್‌ಗಳ ಬೆಲೆ ಲಕ್ಷಗಳ ಲೆಕ್ಕದಲ್ಲಿದೆ. ಹೊಸಬರು ಅವಸರಪಟ್ಟು ಇಷ್ಟು ಹಣ ಸುರಿಯಬೇಕಾಗಿಲ್ಲ. ಶೂಟಿಂಗ್ ಕ್ಲಬ್‌ಗಳಲ್ಲಿ ಅಲ್ಲಿಯದೇ ರೈಫಲ್ ಬಳಸಿ ಕೆಲವು ತಿಂಗಳು ಕಲಿತು, ಆಸಕ್ತಿ ಉಳಿದರೆ ಮಾತ್ರ ಸ್ವಂತದ್ದು ಕೊಳ್ಳುವುದು ಜಾಣತನ.

ರೈಫಲ್ ಕೈಗೆತ್ತಿಕೊಂಡಾಗ ನೋಡಬೇಕಾದ ಸಂಗತಿಗಳು ಕೆಲವೇ. ಹಿಡಿಯ ಉದ್ದ ನಿಮ್ಮ ತೋಳಿಗೆ ಒಪ್ಪುತ್ತದೆಯೆ? ಕೆನ್ನೆಯಿಟ್ಟಾಗ ಕಣ್ಣು ತಾನಾಗಿಯೇ ಗುರಿಪಟ್ಟಿಯ ನೇರಕ್ಕೆ ಬರುತ್ತದೆಯೆ? ಟ್ರಿಗರ್ ಜಗ್ಗಾಡದೆ ನಯವಾಗಿ ಸರಿಯುತ್ತದೆಯೆ? ವೇಗಕ್ಕಿಂತ ಇವೇ ಮುಖ್ಯ. ದುರ್ಬೀನು ಅಳವಡಿಸುವುದಾದರೆ ಸ್ಪ್ರಿಂಗ್ ಏರ್ ರೈಫಲ್‌ಗೆಂದೇ ತಯಾರಾದದ್ದನ್ನು ಕೊಳ್ಳಬೇಕು. ಬಂದೂಕಿನ ದುರ್ಬೀನು ಎರಡೂ ದಿಕ್ಕಿನ ಒದೆತ ತಾಳದೆ ಕೆಡಬಹುದು. ಪೆಲೆಟ್ ಇಲ್ಲದೆ ಸ್ಪ್ರಿಂಗ್ ರೈಫಲ್‌ನ ಟ್ರಿಗರ್ ಎಳೆಯಬಾರದು. ಎದುರು ಗಾಳಿಯ ಮೆತ್ತೆಯಿಲ್ಲದೆ ಪಿಸ್ಟನ್ ರಭಸದಿಂದ ಅಪ್ಪಳಿಸಿ ಹಾಳಾಗುತ್ತದೆ.

ಪೆಲೆಟ್‌ಗಳಲ್ಲಿ ಚಪ್ಪಟೆ ತಲೆಯದು ಕಾಗದದ ಗುರಿಗೆ ಶ್ರೇಷ್ಠ. ಅದು ಕಾಗದದಲ್ಲಿ ದುಂಡಗಿನ ಸ್ವಚ್ಛ ರಂಧ್ರ ಕೊರೆಯುವುದರಿಂದ ಅಂಕ ಎಣಿಸುವುದು ಸುಲಭ. ಹತ್ತು ಮೀಟರ್‌ಗಿಂತ ಬಹಳ ದೂರದ ಗುರಿಗೆ ಗುಂಡುತಲೆಯದು ವಾಸಿ. ಒಂದೇ ರೈಫಲ್ ಎರಡು ಕಂಪನಿಗಳ ಪೆಲೆಟ್‌ಗೆ ಎರಡು ಬಗೆಯ ಫಲ ಕೊಡುವುದರಿಂದ ನಾಲ್ಕಾರು ಬಗೆ ಪರೀಕ್ಷಿಸಿ ಒಂದಕ್ಕೆ ಅಂಟಿಕೊಳ್ಳಬೇಕು.

ಹತ್ತು ಮೀಟರ್‌ನ ಆನಂದ

ಹತ್ತು ಮೀಟರ್ ದೂರದ ಗುರಿಯೇ, ಇದರಲ್ಲೇನು ಮಹಾ ಎಂದು ಮೂಗು ಮುರಿಯುವವರಿದ್ದಾರೆ. ಒಲಿಂಪಿಕ್ಸ್ ಮಾದರಿಯ ಗುರಿಪಟ್ಟಿಯಲ್ಲಿ ಹತ್ತು ಅಂಕದ ಬಿಂದುವಿನ ವ್ಯಾಸ ಕೇವಲ ಅರ್ಧ ಮಿಲಿಮೀಟರ್, ಪೆನ್ನಿನ ಮೊನೆ ತಾಗಿದ ಚುಕ್ಕೆಯಷ್ಟು! ಸ್ಪರ್ಧಿ ನಿಂತುಕೊಂಡೇ 60 ಬಾರಿ ಅದಕ್ಕೆ ಗುರಿಯಿಡಬೇಕು. ಎಲೆಕ್ಟ್ರಾನಿಕ್ ಗುರಿಪಟ್ಟಿಯಾದರೆ ಒಂದೂಕಾಲು ಗಂಟೆಯ ಅವಧಿ. ಇಲ್ಲಿ ಬಳಸುವ ರೈಫಲ್‌ನ ಶಕ್ತಿ ಏಳೆಂಟು ಜೂಲ್ ಮಾತ್ರ. ಜಗತ್ತಿನ ಶ್ರೇಷ್ಠ ಗುರಿಕಾರರಿಗೆ ಅಷ್ಟೇ ಸಾಕಾಗಿರುವಾಗ ಹವ್ಯಾಸಿಗೆ ಹೆಚ್ಚಿನ ಶಕ್ತಿಯ ಹಂಬಲವೇಕೆ?

ಎದೆಬಡಿತ, ಉಸಿರು, ಕಾಲಿನ ಸಣ್ಣ ನಡುಕ, ಮನಸ್ಸಿನ ಚಾಂಚಲ್ಯ ಎಲ್ಲವೂ ಕಾಗದದ ಮೇಲೆ ರಂಧ್ರವಾಗಿ ಮೂಡುತ್ತದೆ. ಉಸಿರನ್ನು ಅರ್ಧ ಬಿಟ್ಟು ಕ್ಷಣ ನಿಲ್ಲಿಸಿ, ಟ್ರಿಗರನ್ನು ಸೆಳೆಯದೆ ಮೆಲ್ಲನೆ ಒತ್ತಿ, ಗುಂಡು ಹೊರಟ ಮೇಲೂ ಗುರಿಯಿಂದ ಕಣ್ಣು ಕೀಳದೆ ನಿಲ್ಲುವುದನ್ನು ಕಲಿಯುವುದರಲ್ಲೇ ಈ ಕ್ರೀಡೆಯ ಸುಖವಿದೆ. 2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಕೊನೆಯ ಗುಂಡಿಗೆ 10.8 ಅಂಕ ಗಳಿಸಿ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದುಕೊಟ್ಟದ್ದು ಇದೇ ಸ್ಪರ್ಧೆಯಲ್ಲಿ. 2012ರ ಲಂಡನ್ ಕ್ರೀಡಾಕೂಟದಲ್ಲಿ ಗಗನ್ ನಾರಂಗ್ ಕಂಚು ಗೆದ್ದದ್ದೂ ಇದರಲ್ಲೇ. ಬೆಂಗಳೂರಿನ ತಿಲೋತ್ತಮಾ ಸೇನ್ 2023ರಲ್ಲಿ, ಇನ್ನೂ ಶಾಲಾ ಬಾಲಕಿಯಾಗಿದ್ದಾಗಲೇ, ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದರು. ಮಕ್ಕಳನ್ನು ಈ ದಾರಿಯಲ್ಲಿ ಮುಂದೆ ಕಳುಹಿಸಬಯಸುವ ಪೋಷಕರು ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆಯನ್ನು ಅಥವಾ ಸಮೀಪದ ಮಾನ್ಯತೆ ಪಡೆದ ಕ್ಲಬ್ಬನ್ನು ಸಂಪರ್ಕಿಸಬಹುದು.

ಮರೆಯಬಾರದ ಎಚ್ಚರಿಕೆ

ಏರ್ ರೈಫಲ್‌ನ ಪೆಲೆಟ್ ಕಣ್ಣನ್ನು ಶಾಶ್ವತವಾಗಿ ಕಳೆಯಬಲ್ಲದು, ಹತ್ತಿರದಿಂದ ತಾಗಿದರೆ ಪ್ರಾಣವನ್ನೂ ತೆಗೆಯಬಲ್ಲದು. ಖಾಲಿ ಎಂದು ಖಾತ್ರಿಯಿದ್ದರೂ ಮನುಷ್ಯರತ್ತ ನಳಿಗೆ ತಿರುಗಿಸಬಾರದು. ಗುರಿಯಿಟ್ಟ ಮೇಲಷ್ಟೇ ಬೆರಳು ಟ್ರಿಗರ್ ಮುಟ್ಟಬೇಕು. ಗುರಿಯ ಹಿಂದೆ ಏನಿದೆ ಎಂದು ತಿಳಿಯದೆ ಹೊಡೆಯಬಾರದು. ಅಪಾರ್ಟ್‌ಮೆಂಟಿನ ಮಹಡಿ, ಬಾಲ್ಕನಿಗಳು ಇದಕ್ಕೆ ತಕ್ಕ ಜಾಗವಲ್ಲ. ಸ್ವಂತ ಅಂಗಳವಿದ್ದವರು ಹಳೆಯ ಬಟ್ಟೆ ಒತ್ತಾಗಿ ತುಂಬಿದ ದಪ್ಪ ಮರದ ಪೆಟ್ಟಿಗೆಯನ್ನು ಗುರಿಯ ಹಿಂದಿಡಬೇಕು. ಕಲ್ಲು, ಗಾಜು, ಬರಿಯ ಗೋಡೆಗೆ ಹೊಡೆದರೆ ಪೆಲೆಟ್ ಪುಟಿದು ಹಿಂದಿರುಗೀತು. ಕನ್ನಡಕ ಧರಿಸಿರಬೇಕು. ಪೆಲೆಟ್ ಸೀಸದ್ದಾದ್ದರಿಂದ ಅಭ್ಯಾಸ ಮುಗಿದೊಡನೆ ಕೈ ತೊಳೆಯಬೇಕು. ಮಕ್ಕಳ ಕೈಗೆ ಹಿರಿಯರ ಎದುರಲ್ಲೇ ಕೊಡಬೇಕು, ಉಳಿದ ವೇಳೆ ಬೀಗ ಹಾಕಿಡಬೇಕು.

ಕೋವಿಯನ್ನು ಸಂಸ್ಕೃತಿಯ ಭಾಗವಾಗಿಯೇ ಕಾಣುವ ಕೊಡಗಿನಲ್ಲಿ ನಾಟಿ ಕೆಲಸ ಮುಗಿದ ಮೇಲಿನ ಕೈಲ್‌ಪೊಳ್ದ್ ಹಬ್ಬ ಒಂದು ಕಾಲದಲ್ಲಿ ಬೇಟೆಯ ಹಬ್ಬವೂ ಆಗಿತ್ತು. ಇಂದು ಅಲ್ಲಿ ಕೋವಿಗಳು ಗುರಿಯಿಡುವುದು ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ. ಏರ್‌ಗನ್‌ನಿಂದ ಮೊಟ್ಟೆಗೆ ಗುರಿಯಿಡುವ ಸ್ಪರ್ಧೆಗಳೂ ಜಿಲ್ಲೆಯಲ್ಲಿ ನಡೆಯುತ್ತವೆ. ಬೇಟೆ ಹೋದರೂ ಗುರಿಯ ಸೊಗಸು ಹೋಗಿಲ್ಲ. ಏರ್ ರೈಫಲ್ ಕೊಳ್ಳಲು ಹೊರಟ ನಗರವಾಸಿಗೂ ಇದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ.