ನಿಮ್ಮ ತಾರಸಿಯ ನೆರಳು ಹೇಳುವ ಕಥೆ

ಬೇಸಿಗೆಯಲ್ಲಿ ಸೆಕೆ ಏಕೆ? ಭೂಮಿ ಸೂರ್ಯನಿಗೆ ಹತ್ತಿರ ಬರುವುದರಿಂದ ಎಂದು ಓದಿದವರೂ ಹೇಳುವುದುಂಟು. ಆದರೆ ಭೂಮಿ ಸೂರ್ಯನಿಗೆ ಅತಿ ಸಮೀಪವಿರುವುದು ನಾವು ಸ್ವೆಟರ್ ತೊಡುವ ಜನವರಿಯ ಮೊದಲ ವಾರದಲ್ಲಿ. ಆಗ ದೂರ ಸುಮಾರು 14.7 ಕೋಟಿ ಕಿ.ಮೀ. ಜುಲೈ ಮೊದಲ ವಾರದಲ್ಲಿ ಅದು 15.2 ಕೋಟಿ ಕಿ.ಮೀ. ಹಾಗಾದರೆ ಋತುಗಳಿಗೆ ಕಾರಣವೇನು? ಕಿರುತೆರೆಯಲ್ಲಿ ಗ್ಲೋಬ್ ತಿರುಗಿಸಿ ತೋರಿಸುವುದು ಸುಲಭ. ಅದಕ್ಕಿಂತ ಚೆನ್ನಾದ ಪ್ರಯೋಗವನ್ನು ನೀವೇ ಮಾಡಬಹುದು.

ಕಗ್ಗದಾಸಪುರದ ಒಂದು ಮನೆಯ ತಾರಸಿಯನ್ನೇ ತೆಗೆದುಕೊಳ್ಳೋಣ. ಒಂದು ಮೀಟರ್ ಎತ್ತರದ ಕೋಲನ್ನು ಅಲ್ಲಿ ನೆಟ್ಟಗೆ ನಿಲ್ಲಿಸಿ. ಬೆಳಿಗ್ಗೆ ಅದರ ನೆರಳು ಪಶ್ಚಿಮದ ಕಡೆಗೆ, ಸಂಜೆ ಪೂರ್ವದ ಕಡೆಗೆ ಬೀಳುತ್ತದೆ. ಇದು ಭೂಮಿಯ ದೈನಂದಿನ ಚಲನೆ. ಭೂಮಿ ತನ್ನ ಅಕ್ಷದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ತಿರುಗುವಾಗ ನಾವಿರುವ ಭಾಗ ಸೂರ್ಯನಿಗೆ ಎದುರಾದರೆ ಹಗಲು, ಮರೆಯಾದರೆ ರಾತ್ರಿ. ನಮ್ಮ ಗಡಿಯಾರಗಳು 82.5 ಡಿಗ್ರಿ ಪೂರ್ವ ರೇಖಾಂಶವನ್ನು ಅನುಸರಿಸುತ್ತವೆ. ಬೆಂಗಳೂರು ಅದಕ್ಕಿಂತ ಸುಮಾರು 5 ಡಿಗ್ರಿ ಪಶ್ಚಿಮಕ್ಕಿದೆ. ಒಂದು ಡಿಗ್ರಿಗೆ 4 ನಿಮಿಷದಂತೆ, ಇಲ್ಲಿ ನಿಜವಾದ ನಡುಹಗಲು ಸರಾಸರಿ 12.20ಕ್ಕೆ.

ಆ ಹೊತ್ತಿನ ನೆರಳನ್ನು ವರ್ಷವಿಡೀ ಗುರುತಿಸಿ. ಡಿಸೆಂಬರ್ 21ರ ಸುಮಾರಿಗೆ ಅದು ಉತ್ತರಕ್ಕೆ 74 ಸೆಂ.ಮೀ. ಚಾಚುತ್ತದೆ. ಏಪ್ರಿಲ್ 24ರ ಸುಮಾರಿಗೆ ನೆರಳೇ ಇರುವುದಿಲ್ಲ. ಸೂರ್ಯ ನೆತ್ತಿಯ ಮೇಲೆ. ಜೂನ್ 21ರ ಸುಮಾರಿಗೆ ನೆರಳು ದಕ್ಷಿಣಕ್ಕೆ, 18 ಸೆಂ.ಮೀ.! ಆಗಸ್ಟ್ 18ರ ಸುಮಾರಿಗೆ ಮತ್ತೆ ಮಾಯ.

ಇದಕ್ಕೆಲ್ಲ ಕಾರಣ ಭೂಮಿಯ ಅಕ್ಷದ ಓರೆ, ಸುಮಾರು 23.5 ಡಿಗ್ರಿ. ವಾರ್ಷಿಕ ಚಲನೆಯುದ್ದಕ್ಕೂ ಅಕ್ಷ ಒಂದೇ ದಿಕ್ಕಿಗೆ ವಾಲಿರುವುದರಿಂದ, ಅರ್ಧ ವರ್ಷ ಉತ್ತರ ಗೋಳಾರ್ಧ ಸೂರ್ಯನ ಕಡೆಗೆ ಬಾಗಿದ್ದರೆ ಇನ್ನರ್ಧ ವರ್ಷ ದಕ್ಷಿಣ ಗೋಳಾರ್ಧ ಬಾಗಿರುತ್ತದೆ. ನೇರ ಬಿದ್ದ ಬಿಸಿಲು ಸುಡುತ್ತದೆ. ಓರೆಯಾಗಿ ಬಿದ್ದದ್ದು ಹೆಚ್ಚು ಜಾಗಕ್ಕೆ ಹರಡಿ ಸೌಮ್ಯವಾಗುತ್ತದೆ. ಆಗಸ್ಟ್‌ನಲ್ಲೂ ಸೂರ್ಯ ನೆತ್ತಿಗೆ ಬಂದರೂ ಏಪ್ರಿಲ್‌ನ ಸೆಕೆ ಇಲ್ಲವಲ್ಲ? ಆಗ ಮುಂಗಾರಿನ ಮೋಡಗಳು ನಮಗೆ ಕೊಡೆ ಹಿಡಿದಿರುತ್ತವೆ.

ಈ ಲೆಕ್ಕ ಬರೀ ಪರೀಕ್ಷೆಗಲ್ಲ. ತಾರಸಿಯ ಸೋಲಾರ್ ಹೀಟರುಗಳು ದಕ್ಷಿಣಕ್ಕೆ ಮುಖ ಮಾಡಿರುವುದು, ಬಿಸಿನೀರು ಹೆಚ್ಚು ಬೇಕಾಗುವ ಚಳಿಗಾಲದಲ್ಲಿ ಸೂರ್ಯ ಆ ಕಡೆ ಇರುವುದರಿಂದ. ದಕ್ಷಿಣದ ಪಕ್ಕದ ಮನೆ ನಿಮ್ಮ ಹೀಟರಿಗಿಂತ 3 ಮೀಟರ್ ಎತ್ತರವಿದ್ದರೆ, ಡಿಸೆಂಬರ್ ನಡುಹಗಲಲ್ಲೂ ಅದರ ನೆರಳು 2.2 ಮೀಟರ್ ಒಳಬರುತ್ತದೆ. ಬೆಳಿಗ್ಗೆ, ಸಂಜೆ ಇನ್ನೂ ದೂರ. ಏಪ್ರಿಲ್‌ನ ಬಿಸಿಲು ನೋಡಿ ಜಾಗ ಗೊತ್ತು ಮಾಡಿದರೆ ಡಿಸೆಂಬರ್‌ನಲ್ಲಿ ತಣ್ಣೀರೇ ಗತಿ. ಮೊದಲು ಕೋಲಿನ ನೆರಳನ್ನು ಕೇಳಿ ನೋಡಿ.